ಬಾಗಿಲು ತೆರೆಯದ ಮಂಗಳವಾರ

ನಮ್ಮ ಊರಿನ ಚಾವಡಿಗೆ ಬೀಗವಿಲ್ಲ. ಹೊಸದೊಂದನ್ನು ಕಲಿತು ಬಂದವರು ಅಂಗೈ ಇಟ್ಟರೆ ಬಾಗಿಲು ತೆರೆಯುತ್ತದೆ; ಕಲಿಯದೆ ಬಂದವರು ಭುಜ ಕೊಟ್ಟು ನೂಕಿದರೂ ಮಿಸುಕುವುದಿಲ್ಲ. ಸುಮ್ಮನೆ ಕಿವಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ, ‘ಓಹೋ, ಹಾಗೋ!’ ಎಂದು ಒಳಗೆ ಇಳಿದಿರಬೇಕು. ಒಂದು ವಿಷಯಕ್ಕೆ ಒಂದೇ ಸಲ. ಎಲೆಯಡಿಕೆ ಉಗಿಯಲು ಎದ್ದು ಹೊರಗೆ ಹೋದವರು ಮತ್ತೆ ಒಳಗೆ ಬರಬೇಕಾದರೆ ಇನ್ನೊಂದನ್ನು ಕಲಿಯಬೇಕು. ಹಾಗಾಗಿ ನಮ್ಮ ಸಭೆಗಳಲ್ಲಿ ಎಲೆಯಡಿಕೆ ಹಾಕುವವರು ಕಡಿಮೆ.

ಸಭೆ ನಡೆಯುವುದು ಮಂಗಳವಾರ. ಒಳಗೆ ಕೂರುವವರು ನಾವು ಏಳು ಮಂದಿ, ಎಲ್ಲರೂ ಅರವತ್ತು ದಾಟಿದವರು. ಊರಿನ ಉಳಿದ ಜನ ಕಿಟಕಿಗಳ ಹೊರಗೆ ಕಟ್ಟೆಯ ಮೇಲೆ ಕೂತು ಕೇಳುತ್ತಾರೆ, ಬೇಕಾದಾಗ ಮಾತೂ ಸೇರಿಸುತ್ತಾರೆ. ಮಂಗಳವಾರ ಬೆಳಿಗ್ಗೆ ನಮ್ಮ ಪೇಟೆಯನ್ನು ನೋಡಬೇಕು. ನಾವು ಮುದುಕರು ಒಬ್ಬೊಬ್ಬರೇ ಚೀಲ ಹಿಡಿದು ಅಡ್ಡಾಡುತ್ತಿರುತ್ತೇವೆ, ಅಂಗಡಿಯವರು ಕರೆದು ಕರೆದು ಕಲಿಸುತ್ತಾರೆ. ಮಾಗಿದ ಕುಂಬಳಕಾಯಿಯನ್ನು ತಟ್ಟಿ ಸದ್ದು ಕೇಳುವುದು ಹೇಗೆ, ತಕ್ಕಡಿ ಸರಿಯಿದೆಯೇ ಎಂದು ನೋಡುವುದು ಹೇಗೆ, ಕ್ಷೌರದ ಕತ್ತಿಯನ್ನು ಯಾವ ಕಡೆಗೆ ಮಸೆಯಬೇಕು. ವಾರವೆಲ್ಲ ಏನಾದರೂ ಸ್ವಾರಸ್ಯ ಕಂಡರೆ ‘ಇದು ಮಂಗಳವಾರಕ್ಕಿರಲಿ’ ಎಂದು ನಮಗಾಗಿ ಎತ್ತಿಟ್ಟುಕೊಂಡಿರುತ್ತಾರೆ. ಬೇರೆ ಊರುಗಳಲ್ಲಿ ವಯಸ್ಸಾದವರಿಗೆ ಬಸ್ಸಿನಲ್ಲಿ ಸೀಟು ಬಿಡುತ್ತಾರಂತೆ. ನಮ್ಮಲ್ಲಿ ಬಸ್ಸಿಲ್ಲ. ಇದಿದೆ.

ಯುಗಾದಿಯ ದಿನ, ಯಾರ ಕೈಗೆ ಬಾಗಿಲು ಅತಿ ಹಗುರಾಗಿ ತೆರೆಯುತ್ತದೋ ಅವರಿಗೆ ಅಧ್ಯಕ್ಷರ ಕುರ್ಚಿ. ಬುದ್ಧಿ ಚುರುಕಾಗಿದ್ದವರಿಗೆ ಬಾಗಿಲು ಹಗುರ ಎಂದು ಊರು ನಂಬಿತ್ತು. ಮೂರು ಯುಗಾದಿಗಳಿಂದ ಆ ಕುರ್ಚಿ ನನ್ನದಾಗಿತ್ತು. ನನಗೆ ಎಪ್ಪತ್ತೆರಡು. ಕಾಲೇಜು ಓದಿದವಳು, ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಬೆಳಿಗ್ಗೆ ಒಂದೆಲಗದ ಚಟ್ನಿ ತಿನ್ನುತ್ತೇನೆ, ಮಧ್ಯಾಹ್ನ ಮಲಗುವುದಿಲ್ಲ. ಆ ವರ್ಷವಂತೂ ಬಾಗಿಲು ನನಗೆ ಬೆರಳು ತಾಗಿದರೆ ಸಾಕು ತೆರೆದುಕೊಳ್ಳುತ್ತಿತ್ತು. ಕಟ್ಟೆಯ ಮೇಲಿನವರು ‘ನೋಡ್ರಪ್ಪ, ಅನಸೂಯಮ್ಮನವರ ತಲೆ ಅಂದ್ರೆ ತಲೆ’ ಎನ್ನುತ್ತಿದ್ದರು. ನನಗೂ ಸಂತೋಷವಾಗುತ್ತಿತ್ತು, ಇಲ್ಲ ಎಂದು ಯಾಕೆ ಹೇಳಲಿ.

ನನ್ನ ಪಕ್ಕದ ಕುರ್ಚಿ ಕೊಟ್ರಪ್ಪ ಮೇಷ್ಟ್ರದ್ದು. ಭೂಗೋಳ ಕಲಿಸಿ ನಿವೃತ್ತರಾದವರು. ನಮ್ಮ ಊರು ಯಾವ ನಕ್ಷೆಯಲ್ಲೂ ಇಲ್ಲವೆಂಬುದು ಅವರ ಜೀವನದ ಒಂದು ಕೊರಗು. ಇನ್ನೊಂದು ಕೊರಗು ಈ ಬಾಗಿಲು. ಯಾರು ಏನು ಕಲಿಸಲು ಹೋದರೂ ‘ಗೊತ್ತಿದೆ’ ಎನ್ನುತ್ತಿದ್ದರು. ಅಹಂಕಾರದಿಂದಲ್ಲ, ನಿಜವಾಗಿಯೂ ಅವರಿಗೆ ಗೊತ್ತಿರುತ್ತಿತ್ತು. ಮಂಗಳವಾರ ಹೊತ್ತು ಏರುವವರೆಗೂ ಪೇಟೆ ಸುತ್ತಿ, ಕೊನೆಗೆ ಏನೋ ಒಂದು ಸಿಕ್ಕಿ, ಶಲ್ಯ ಸೊಂಟಕ್ಕೆ ಬಿಗಿದು ನೂಕಿ ಒಳಗೆ ಬರುತ್ತಿದ್ದರು. ಬಾಗಿಲು ಒಬ್ಬರು ದಾಟುವಷ್ಟೇ ಬಿಟ್ಟು ಹಿಂದೆಯೇ ಮುಚ್ಚಿಕೊಳ್ಳುತ್ತದೆ. ಅವರ ಧೋತರದ ಅಂಚು ಅದರಲ್ಲಿ ಎಷ್ಟೋ ಸಲ ಸಿಕ್ಕಿಕೊಂಡಿದೆ. ‘ಮೇಷ್ಟ್ರೇ, ಎಣ್ಣೆ ಬಿಡಲೇನ್ರೀ?’ ಎಂದು ಕಿಟಕಿಯಿಂದ ಯಾರಾದರೂ ಕೂಗುತ್ತಿದ್ದರು. ‘ಬಾಗಿಲಿಗಲ್ಲ, ನಿನ್ನ ನಾಲಿಗೆಗೆ ಬಿಟ್ಟುಕೋ, ಒಣಗಿದೆ’ ಎಂದು ಅವರು ಉತ್ತರ ಕೊಡುತ್ತಿದ್ದರು.

ನನಗೆ ಆ ದಿನಗಳಲ್ಲಿ ಕಲಿಸುತ್ತಿದ್ದವಳು ಹೂವಿನ ದುರುಗಮ್ಮ. ಚಾವಡಿಯ ಎದುರಿಗೇ ಅವಳ ಅಂಗಡಿ. ಬಾಳೆನಾರನ್ನು ಒಂದೇ ಕೈಯಲ್ಲಿ ಸುತ್ತಿ, ಇನ್ನೊಂದು ಕೈ ಹೂವಿಗೆ ಚಾಚಿರುವಾಗಲೇ ಗಂಟು ಬಿಗಿಯುವ ಒಂದು ಚಮತ್ಕಾರ ಅವಳಿಗೆ ಗೊತ್ತಿತ್ತು. ಒಂದು ಮಂಗಳವಾರ ಅವಳ ಮುಂದೆ ಕೂತು, “ದುರುಗಮ್ಮ, ಇವತ್ತು ನನಗೆ ಏನು ಕಲಿಸ್ತೀಯಾ?” ಎಂದೆ.

“ಒಂದೇ ಕೈಯಾಗ ಗಂಟು ಹಾಕೋದು ಕಲಿಸ್ಲೇನ್ರಿ ಅಮ್ಮಾರೆ?” ಎಂದಳು.

“ಅಯ್ಯೋ, ಅದು ನನಗೆ ಬರುತ್ತೇನೇ?”

“ಬರ್ತೈತಿ, ಯಾಕ ಬರಂಗಿಲ್ಲ. ನಾರು ಹಿಡ್ಕೊಳ್ರಿ.”

ಅವಳು ಮೆಲ್ಲನೆ ತೋರಿಸತೊಡಗಿದಳು. ಅವಳ ಹೆಬ್ಬೆರಳು ನಾರಿನ ಕೆಳಗೆ ಹೋಗುವ ಮೊದಲೇ ನನ್ನ ಹೆಬ್ಬೆರಳು ಹೋಗಿತ್ತು. ಅವಳು ಮಡಚುವ ಮೊದಲೇ ನಾನು ಮಡಚಿದ್ದೆ. ಗಂಟು ಬಿತ್ತು. ನಾನು ಆಶ್ಚರ್ಯದಿಂದ ನನ್ನ ಕೈಯನ್ನೇ ನೋಡುತ್ತಿದ್ದಾಗ, ಪಕ್ಕದಲ್ಲಿ ಕನಕಾಂಬರ ಆರಿಸುತ್ತಿದ್ದ ಹೆಂಗಸೊಬ್ಬಳು ನಕ್ಕು, “ಪ್ರತಿ ಮಂಗಳವಾರ ಇದೇ ಗಂಟು ಕಲಿಸ್ತೀಯಲ್ಲ ದುರುಗವ್ವ, ಅಮ್ಮಾರು ನಿನ್ನ ಎದುರಿಗೆ ಹೂವಿನಂಗಡಿ ಇಡ್ತಾರೇನು?” ಎಂದಳು.

ದುರುಗಮ್ಮ ಅವಳತ್ತ ಕಣ್ಣು ಬಿಟ್ಟಳು. ಕಣ್ಣು ಬಿಟ್ಟದ್ದನ್ನು ನಾನು ನೋಡಿದೆ. ನೋಡಿದ್ದನ್ನು ಅವಳೂ ನೋಡಿದಳು.

“ಎಷ್ಟು ಮಂಗಳವಾರದಿಂದ?” ಎಂದೆ.

“ಎಣಿಸಿಲ್ರಿ ಅಮ್ಮಾರೆ. ಮಾವಿನಕಾಯಿ ಬಂದಾಗಿಂದ.”

ಆಗ ಪೇಟೆಯಲ್ಲಿ ಮಾವಿನಹಣ್ಣಿನ ಕಾಲ ಮುಗಿಯುತ್ತಿತ್ತು.

“ಯಾಕೆ ಹೇಳಲಿಲ್ಲ?”

ಅವಳು ಹೂವಿನ ಮೇಲೆ ನೀರು ಚಿಮುಕಿಸಿದಳು. ಅದಾಗಲೇ ಒದ್ದೆಯಾಗಿತ್ತು. “ಎರಡನೇ ವಾರ ಕೇಳಿದ್ರಿ, ಮರೆತಾರೇನೋ ಅಂತ ಮತ್ತ ತೋರಿಸಿದೆ. ನೀವು ‘ಓಹೋ’ ಅಂತ ಎಷ್ಟು ಚೆಂದ ನಕ್ಕಿರಿ ಅಂದ್ರ, ಮುಂದಿನ ವಾರನೂ ಅದನ್ನ ನೋಡೋಣ ಅನ್ನಿಸ್ತು. ಬಾಗಿಲು ಹೆಂಗೂ ತೆರೀತಿತ್ತಲ್ರಿ.”

ಹೌದು, ತೆರೆಯುತ್ತಿತ್ತು. ಬೆರಳುಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಪ್ರತಿ ವಾರವೂ ಅದು ನನಗೆ ಹೊಚ್ಚ ಹೊಸದು. ಮರೆಯುವವರ ಕೈಗೆ ನಮ್ಮ ಚಾವಡಿಯ ಬಾಗಿಲಿನಷ್ಟು ಹಗುರವಾದದ್ದು ಇನ್ನೊಂದಿಲ್ಲ ಎಂಬುದು ಇಷ್ಟು ವರ್ಷ ಈ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾನು ಎದ್ದೆ. ದುರುಗಮ್ಮ ಒಂದು ಮೊಳ ಮಲ್ಲಿಗೆ ಹಿಡಿದು ನನ್ನ ಹಿಂದೆ ನಾಲ್ಕು ಹೆಜ್ಜೆ ಬಂದಳು. ಅದನ್ನು ನನ್ನ ಮುಡಿಗೆ ಸಿಕ್ಕಿಸಿ ಹಿಂದಿರುಗಿದಳು.

ಚಾವಡಿಯ ಮುಂದೆ ಎರಡು ಗುಂಪು ನಿಂತಿದ್ದವು. ಒಂದು ಕಡೆ ಹಪ್ಪಳ ಮಾಡುವ ಹೆಂಗಸರು, ಮುಂದಾಳು ನಾಗವೇಣಿ. ಇನ್ನೊಂದು ಕಡೆ ಡೊಳ್ಳಿನ ತಂಡ, ಮುಂದಾಳು ಬೀರಪ್ಪ. ಎರಡೂ ಗುಂಪಿನವರ ಕೈಯಲ್ಲಿ ಪೊರಕೆ.

“ಅಮ್ಮಾರೆ, ಕೆರೆ ಪಕ್ಕದ ಷೆಡ್ಡು ಇವತ್ತಿಂದ ನಮಗ ಅಂದಿದ್ರಲ್ಲ, ಗುಡಿಸೋಕ ಬಂದೀವಿ,” ಎಂದಳು ನಾಗವೇಣಿ.

“ನಿಮಗ್ಯಾಕ ಅಂತಾರ? ನಮಗ ಅಂದಾರ,” ಎಂದ ಬೀರಪ್ಪ. “ಹೋದ ತಿಂಗಳ ಇದೇ ಮೆಟ್ಟಿಲ ಮ್ಯಾಲ ನಿಂತು ಅಂದಾರ.”

“ನಮಗೂ ಇದೇ ಮೆಟ್ಟಿಲ ಮ್ಯಾಲೇ ಅಂದಿದ್ದು!”

ಬೀರಪ್ಪನಿಗೆ ಕೊಟ್ಟ ಮಾತು ನನಗೆ ನೆನಪಿತ್ತು. ನಾಗವೇಣಿಗೆ ಕೊಟ್ಟದ್ದು ಇರಲಿಲ್ಲ. ಆದರೆ ಅವಳು ಸುಳ್ಳು ಹೇಳುವ ಹೆಂಗಸಲ್ಲ. ಬಾಗಿಲಿಗೆ ಬೆರಳು ತಾಗಿಸಿದೆ. ಎಂದಿನಂತೆ ತೆರೆಯಿತು. ಕಟ್ಟೆಯ ಮೇಲೆ ಯಾರೋ ಎಂದಿನಂತೆ ಹೊಗಳಿದರು. ಆ ಹೊಗಳಿಕೆಯನ್ನು ಬೆನ್ನ ಮೇಲೆ ಹೊತ್ತು ಒಳಗೆ ಹೋಗಿ ಕುರ್ಚಿಯಲ್ಲಿ ಕೂರದೆ ನಿಂತೆ. ಎಲ್ಲರೂ ಬಂದು ಸೇರಿದ ಮೇಲೆ, ಮೇಷ್ಟ್ರು ಕೊನೆಯವರಾಗಿ ಬೆವರು ಒರೆಸಿಕೊಂಡು ಕೂತ ಮೇಲೆ, ಗಂಟಿನ ಕಥೆಯನ್ನೂ ಷೆಡ್ಡಿನ ಕಥೆಯನ್ನೂ ಇದ್ದ ಹಾಗೆ ಹೇಳಿಬಿಟ್ಟೆ.

ಮೊದಲು ಎದ್ದವರು ಮೇಷ್ಟ್ರು. ಅವರ ಮುಖದಲ್ಲಿ ಏನೋ ನಿಧಾನವಾಗಿ ಬೆಳಗುತ್ತಿತ್ತು. “ಹಾಗಾದರೆ,” ಎಂದರು, “ಬಾಗಿಲು ನನಗೆ ಭಾರವಾಗಿದ್ದದ್ದು ನನ್ನ ತಲೆ ಮಂದವಾದದ್ದಕ್ಕಲ್ಲ! ಕಲಿತದ್ದು ಒಂದೂ ಬಿಟ್ಟು ಹೋಗದೆ ಇದ್ದದ್ದಕ್ಕೆ! ಈ ಭುಜಕ್ಕೆ ನಾನು ಎಷ್ಟು ನೋವಿನೆಣ್ಣೆ ತಿಕ್ಕಿದ್ದೇನೆ, ಗೊತ್ತೇ?”

ಮೊದಲು ನಕ್ಕವಳು ನಾನೇ. ಆಮೇಲೆ ಕಿಟಕಿಗಳೆಲ್ಲ ನಕ್ಕವು.

“ನಗು ಆಮೇಲೆ, ಷೆಡ್ಡು ಯಾರಿಗೆ?” ಎಂದು ಬೀರಪ್ಪ ಕೂಗಿದ. ಎರಡೂ ಕಡೆಯವರು ಒಟ್ಟಿಗೆ ಮಾತಾಡತೊಡಗಿದರು. ಪಕ್ಕದಲ್ಲಿ ಡೊಳ್ಳು ಬಾರಿಸಿದರೆ ಹಪ್ಪಳ ಚಾಪೆಯ ಮೇಲೆ ಕುಣಿಯುತ್ತವೆ ಎಂದು ನಾಗವೇಣಿ. ಕುಣಿಯಲಿ, ಹಂಗಾದರೂ ಹಪ್ಪಳಕ್ಕೆ ಒಂದು ವಿದ್ಯೆ ಬರಲಿ ಎಂದು ಬೀರಪ್ಪ. ಮೇಷ್ಟ್ರು ಸುಮ್ಮನೆ ಕೂತು ಕೇಳಿ ಕೇಳಿ, ಎಲ್ಲರಿಗೂ ದಣಿವಾದ ಮೇಲೆ ಬಾಯಿ ತೆರೆದರು. ಹಪ್ಪಳಕ್ಕೆ ಬಿಸಿಲು ಬೇಕು, ಆ ಷೆಡ್ಡಿನ ಅಂಗಳಕ್ಕೆ ಬಿಸಿಲಿರುವುದು ಮಧ್ಯಾಹ್ನದವರೆಗೆ ಮಾತ್ರ. ಡೊಳ್ಳಿನವರು ಹಗಲು ಹೊಲದಲ್ಲಿರುತ್ತಾರೆ, ಅವರಿಗೆ ಬೇಕಾದದ್ದು ಸಂಜೆ. ಬೆಳಿಗ್ಗೆ ಇವರು, ಸಂಜೆ ಅವರು. ಹಪ್ಪಳ ಎತ್ತಿಟ್ಟ ಮೇಲೆಯೇ ಡೊಳ್ಳು ಇಳಿಸಬೇಕು. ಬೀಗದ ಕೈ ಎರಡೂ ಕೇರಿಗೆ ನಡುವೆ ಇರುವ ದುರುಗಮ್ಮನ ಅಂಗಡಿಯಲ್ಲಿರಲಿ. ಅಷ್ಟೇ.

“ಮೇಷ್ಟ್ರೇ,” ಎಂದೆ, “ನಿಮ್ಮ ಮಾತು ಹಳೇ ಅಕ್ಕಿ ಇದ್ದ ಹಾಗೆ. ಬೇಯೋದು ನಿಧಾನ, ಆದರೆ ಅನ್ನ ಉದುರುದುರಾಗಿರುತ್ತೆ. ಈ ಕುರ್ಚಿಯಲ್ಲಿ ನೀವು ಕೂರಿ.”

ಅವರು ಕುರ್ಚಿಯನ್ನು ನೋಡಿದರು. ಅದು ಅವರಿಗೆ ಬೇಕಾಗಿತ್ತು. ಯಾವತ್ತಿನಿಂದಲೂ ಬೇಕಾಗಿತ್ತು, ಊರಿಗೆಲ್ಲ ಗೊತ್ತಿದ್ದ ವಿಷಯ ಅದು. ಆದರೂ ತಲೆ ಆಡಿಸಿ, “ಹೀಗಲ್ಲ,” ಎಂದರು. “ನೀವು ಮರೆತದ್ದು ಗಂಟು ಒಂದು, ಮಾತು ಒಂದು. ಅದರಿಂದ ತಲೆಯೇ ಹೋಯಿತು ಎಂದು ತೀರ್ಮಾನಿಸಲು ನಾನು ಸಿದ್ಧನಿಲ್ಲ. ಬಾಗಿಲನ್ನೇ ಕೇಳೋಣ, ಆದರೆ ತಿರುವುಮುರುವಾಗಿ. ಬರುವ ಮಂಗಳವಾರ ಬಾಗಿಲ ಮುಂದೆ ನಾನು ನಿಮಗೆ ಇವತ್ತಿನ ಸಭೆಯ ಮೂರು ಸಂಗತಿ ಹೇಳುತ್ತೇನೆ. ಒಂದೊಂದು ಹೇಳಿದಾಗಲೂ ನೀವು ಕೈ ಇಡಿ. ತೆರೆದರೆ ಅದು ನಿಮಗೆ ಹೊಸದು, ಅಂದರೆ ಮರೆತಿದ್ದೀರಿ. ಮುಚ್ಚಿದ್ದರೆ ನೆನಪಿದೆ. ಮೂರಕ್ಕೂ ಮುಚ್ಚಿದ್ದರೆ ಕುರ್ಚಿ ನಿಮ್ಮದು. ಇಲ್ಲದಿದ್ದರೆ ನನ್ನದು.”

“ಮೂರಕ್ಕ ಮೂರೂ ಯಾವ ನ್ಯಾಯಾರೀ?” ಕಿಟಕಿಯಿಂದ ದುರುಗಮ್ಮನ ದನಿ ಬಂತು. “ನಮ್ಮ ಹರೇದ ಹುಡುಗರು ಬೆಳಿಗ್ಗೆ ತಿಂದದ್ದು ಸಂಜೀಗೆ ಹೇಳಂಗಿಲ್ಲ. ಎರಡು ಮಾಡ್ರಿ.”

“ಇದೇನು ಮೊಳದ ಲೆಕ್ಕವೇ, ಚೌಕಾಸಿ ಮಾಡಲು?”

“ಎರಡು ಮಾಡ್ರಿ ಮೇಷ್ಟ್ರೇ. ಮ್ಯಾಲ ಒಂದು ಗುಲಾಬಿ ಹಾಕ್ತೀನಿ.”

ಮೂರರಲ್ಲಿ ಎರಡಕ್ಕೆ ಮುಚ್ಚಿದ್ದರೆ ಸಾಕೆಂದು ಇತ್ಯರ್ಥವಾಯಿತು.

ಆದರೆ ಒಂದು ತೊಡಕಿತ್ತು. ಆ ವಾರ ನಾನು ಬೇರೆ ಏನನ್ನಾದರೂ ಕಲಿತುಬಿಟ್ಟರೆ ಬಾಗಿಲು ಆ ಕಾರಣಕ್ಕೇ ತೆರೆದು ಪರೀಕ್ಷೆ ಕೆಡುತ್ತಿತ್ತು. ಆದ್ದರಿಂದ ಅನಸೂಯಮ್ಮನವರಿಗೆ ವಾರ ಪೂರ್ತಿ ಯಾರೂ ಹೊಸದೇನನ್ನೂ ಹೇಳಬಾರದು, ಸಭೆಯದ್ದನ್ನು ನೆನಪಿಸಲೂಬಾರದು ಎಂದು ಊರು ತನಗೆ ತಾನೇ ಕಟ್ಟು ಹಾಕಿಕೊಂಡಿತು. ಅಂಥ ವಾರವನ್ನು ನಾನು ಕಂಡಿರಲಿಲ್ಲ. ಹಾಲಿನವನು ಬಂದು “ಅಮ್ಮಾ, ಹಾಲು ಬೆಳ್ಳಗಿರ್ತದೆ” ಎಂದು ಹೇಳಿ ಹೋದ. ನೆರೆಮನೆಯವಳು ತನ್ನ ಮಗಳ ಮದುವೆ ಗೊತ್ತಾದ ಸುದ್ದಿಯನ್ನು ಬಾಯಲ್ಲಿ ಒತ್ತಿ ಹಿಡಿದು, ಬೇಲಿಯ ಆಚೆಯಿಂದ ನನ್ನನ್ನು ನೋಡಿ ಸುಮ್ಮಸುಮ್ಮನೆ ನಗುತ್ತಿದ್ದಳು. ಸುದ್ದಿ ನನಗೆ ಸಿಕ್ಕಿದ್ದು ಮರುವಾರವೇ. ನಾಗವೇಣಿ ಮನೆಗೆ ಬಂದು “ಅಮ್ಮಾರೆ, ನೀವು ನಮಗ ಆ...” ಎಂದು ಶುರು ಮಾಡಿ, ನಾಲಿಗೆ ಕಚ್ಚಿಕೊಂಡು, ಒಂದು ಕಟ್ಟು ಹಪ್ಪಳ ನನ್ನ ಕೈಗೆ ತುರುಕಿ ಓಡಿದಳು. ಬೀರಪ್ಪನ ತಂಡದವರು, ಕೆರೆಯ ಕಡೆಯಿಂದ ಡೊಳ್ಳು ಕೇಳಿದರೆ ನನಗೆ ಷೆಡ್ಡು ನೆನಪಾಗುತ್ತದೆಂದು, ಆ ವಾರ ಡೊಳ್ಳು ಮುಟ್ಟಲೇ ಇಲ್ಲ. ತೊಡೆ ತಟ್ಟಿಕೊಂಡು ತಾಳ ಕಲಿಯುತ್ತಿದ್ದರಂತೆ. ಇದು ನನಗೆ ಆಮೇಲೆ ತಿಳಿದದ್ದು.

ನಾನು ಬೆಳಿಗ್ಗೆ ಒಲೆಯ ಮುಂದೆ ಕೂತು ಆ ಸಭೆಯನ್ನು ಮೊದಲಿನಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬರೆದುಕೊಳ್ಳಲಿಲ್ಲ, ಬರೆದರೆ ನೆನಪಿಡುವ ಕೆಲಸ ಕಾಗದದ್ದಾಗುತ್ತದೆ. ಯಾರು ಎಲ್ಲಿ ನಿಂತಿದ್ದರು, ಯಾರ ಪೊರಕೆ ಹೊಸದು, ಮೇಷ್ಟ್ರು ಬೆವರು ಒರೆಸಿದ್ದು ಯಾವ ಕೈಯಲ್ಲಿ. ಎಲ್ಲ ಸರಾಗವಾಗಿ ಬರುತ್ತಿತ್ತು. ಆದರೆ ಮೇಷ್ಟ್ರ ಮಾತಿನ ಕೊನೆಯಲ್ಲಿ ಒಂದು ಕಡೆ ಗೋಡೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತಿತ್ತು. ಅಲ್ಲಿ ಏನೋ ಇತ್ತು ಎಂಬುದು ಗೊತ್ತು, ಏನು ಎಂಬುದು ಇಲ್ಲ. ಹೆದರಿಕೆಯಾಯಿತೆ? ಆಯಿತು. ಕುರ್ಚಿ ಹೋಗುತ್ತದೆಂದಲ್ಲ. ನಾಳೆ ಇನ್ಯಾರಿಗೋ ಮಾತು ಕೊಟ್ಟು ಮರೆತರೆ, ಪೊರಕೆ ಹಿಡಿದು ಬಂದವರ ಮುಖ ನೋಡಬೇಕಾಗುತ್ತದೆಂದು.

ಮಂಗಳವಾರ ಇಡೀ ಊರು ಚಾವಡಿಯ ಮುಂದಿತ್ತು. ಮೊದಲು ಸುಮ್ಮನೆ ಕೈ ಇಟ್ಟು ತೋರಿಸಿದೆ. ಬಾಗಿಲು ಮಿಸುಕಲಿಲ್ಲ. ವಾರವೆಲ್ಲ ನನಗೆ ಏನೂ ಕಲಿಸದೆ ಇರುವಲ್ಲಿ ಊರು ಗೆದ್ದಿತ್ತು. ಹಾಲಿನವನು ಎದೆಯುಬ್ಬಿಸಿ ಸುತ್ತ ನೋಡಿದ.

“ಮೊದಲನೆಯದು,” ಎಂದರು ಮೇಷ್ಟ್ರು. ಒಗೆದ ಧೋತರ, ಹೆಗಲ ಮೇಲೆ ಗರಿಗರಿ ಶಲ್ಯ. ಕುರ್ಚಿಯಲ್ಲಿ ಕೂರಲು ಸಿದ್ಧವಾಗಿಯೇ ಬಂದಿದ್ದರು. “ಷೆಡ್ಡು ಬೆಳಿಗ್ಗೆ ಹಪ್ಪಳದವರಿಗೆ, ಸಂಜೆ ಡೊಳ್ಳಿನವರಿಗೆ.”

ಕೈ ಇಟ್ಟೆ. ಬಾಗಿಲು ಗೋಡೆಯ ಹಾಗೆ ನಿಂತಿತ್ತು. ಜನ ಚಪ್ಪಾಳೆ ತಟ್ಟಿದರು. ಮುಚ್ಚಿದ ಬಾಗಿಲಿಗೆ ಚಪ್ಪಾಳೆ ಬಿದ್ದದ್ದು ನಮ್ಮ ಊರಿನಲ್ಲಿ ಅದೇ ಮೊದಲು.

“ಎರಡನೆಯದು. ಬೀಗದ ಕೈ ದುರುಗಮ್ಮನ ಅಂಗಡಿಯಲ್ಲಿರಬೇಕು.”

ಓಹೋ, ಎಂದಿತು ನನ್ನ ಮನಸ್ಸು, ಬೆಳ್ಳಗಿದ್ದ ಜಾಗದಲ್ಲಿ ಇದ್ದದ್ದು ಇದೇ! ಅಷ್ಟರಲ್ಲಿ ಬಾಗಿಲು ನನ್ನ ಕೈಕೆಳಗೆ ಮೆತ್ತಗೆ ಒಳಕ್ಕೆ ಸರಿಯಿತು. ವಾರವೆಲ್ಲ ಆ ಬೀಗದ ಕೈಯನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಹೂವಿನ ಬುಟ್ಟಿಯ ಅಡಿಯಲ್ಲಿ ಬಚ್ಚಿಟ್ಟಿದ್ದ ದುರುಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಒಳಗೆ ಹೋಗದೆ ಹಿಂದೆ ಸರಿದೆ. ಬಾಗಿಲು ಮತ್ತೆ ಮುಚ್ಚಿಕೊಂಡಿತು.

ಇನ್ನು ಉಳಿದದ್ದು ಒಂದು. ಮೇಷ್ಟ್ರು ಕನ್ನಡಕ ತೆಗೆದು ಶಲ್ಯದಲ್ಲಿ ಒರೆಸಿದರು. ಹೇಳಲು ಬೇಕಾದಷ್ಟಿತ್ತು ಅವರಿಗೆ. ಷೆಡ್ಡಿನ ಯಾವ ಮೂಲೆಯ ಹೆಂಚು ಒಡೆದಿದೆ ಎಂದು ಯಾರು ಅಂದರು, ದುರುಗಮ್ಮ ಕೊಡುತ್ತೇನೆಂದ ಹೂವು ಯಾವುದು. ಅಂಥದ್ದೊಂದನ್ನು ಎತ್ತಿದ್ದರೆ ಕುರ್ಚಿ ಅವರದಾಗುತ್ತಿತ್ತೇನೋ. ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ನನಗೊಬ್ಬಳಿಗೇ ಎಂಬಂತೆ ತಗ್ಗಿದ ದನಿಯಲ್ಲಿ ಹೇಳಿದರು.

“ಹೋದ ಸಭೆಯಲ್ಲಿ ನೀವು ನನ್ನ ಮಾತನ್ನು... ಹಳೇ ಅಕ್ಕಿಗೆ ಹೋಲಿಸಿದಿರಿ.”

ಒಂದು ಕೈ ಇಟ್ಟೆ. ಎರಡೂ ಕೈ ಇಟ್ಟೆ. ನನ್ನ ಭಾರವನ್ನೆಲ್ಲ ಬಿಟ್ಟು ನೂಕಿದೆ. ಬಾಗಿಲು ಕೂದಲೆಳೆಯಷ್ಟೂ ಅಲುಗಲಿಲ್ಲ.

ಮೇಷ್ಟ್ರು ಶಲ್ಯವನ್ನು ಮೇಲಕ್ಕೆ ಬೀಸಿ, ಮೆಟ್ಟಿಲು ದಡದಡ ಇಳಿದು, ಜನರ ನಡುವೆ ನುಗ್ಗಿದರು. “ಮುಚ್ಚೈತಿ! ಮುಚ್ಚೇ ಐತಿ ಕಣ್ರೋ! ಅಮ್ಮಾರಿಗೆ ನೆನಪೈತಿ!” ತರಗತಿಯಲ್ಲಿ ಹೇಳಿದ ಹಾಗೆಯೇ ಜೀವಮಾನವೆಲ್ಲ ಮಾತಾಡಿದ ಮನುಷ್ಯ, ಹುಟ್ಟಿದ ಕೇರಿಯ ಮಾತಿನಲ್ಲಿ ಕೂಗುತ್ತಿದ್ದರು. ಬೀರಪ್ಪ ಅವರ ಕೈಗೆ ಡೊಳ್ಳಿನ ಕೋಲು ಕೊಟ್ಟ. ಅವರು ಬಾರಿಸಿಯೂ ಬಿಟ್ಟರು, ತಾಳ ತಪ್ಪಿಸಿ, ಬಹಳ ಜೋರಾಗಿ. ದುರುಗಮ್ಮ ಹೇಳಿದ ಮಾತಿನಂತೆ ಗುಲಾಬಿಯನ್ನು ಅವರ ಕಿವಿಗೆ ಸಿಕ್ಕಿಸಿದಳು. ಕುರ್ಚಿ ಕೈತಪ್ಪಿದ್ದು ಅವರಿಗೆ ನೆನಪೇ ಇದ್ದಂತಿರಲಿಲ್ಲ.

ನಾನು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದೆ. ಎಷ್ಟೋ ಮಂಗಳವಾರ ಪಕ್ಕದ ಕುರ್ಚಿಯಲ್ಲಿ ಕೂತ ಮನುಷ್ಯ. ಒಂದು ಒಳ್ಳೆಯ ಮಾತನ್ನು ಅವರು ವಾರವೆಲ್ಲ ಎದೆಯಲ್ಲಿ ಇಟ್ಟುಕೊಂಡು ತಿರುಗಿದ್ದರು. ಕುರ್ಚಿ ಸಿಗುವುದಕ್ಕಿಂತ, ಆ ಮಾತು ಆಡಿದವಳಿಗೂ ಅದು ನೆನಪಿರಲಿ ಎಂಬುದು ಅವರಿಗೆ ಹೆಚ್ಚಾಗಿತ್ತು.

ಬೆನ್ನ ಹಿಂದೆ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ನಾನು ಬೀಳುವುದರಲ್ಲಿದ್ದೆ, ನಾಗವೇಣಿ ಓಡಿಬಂದು ಹಿಡಿದುಕೊಂಡಳು.

ಮೇಷ್ಟ್ರು ಡೊಳ್ಳು ನಿಲ್ಲಿಸಿ ಅಲ್ಲಿಂದಲೇ ಅನುಮಾನದಿಂದ ನೋಡಿದರು. “ನಿಲ್ಲಿ, ನಿಲ್ಲಿ! ಈಗ ಏನು ಕಲಿತಿರಿ ನೀವು?”

“ಬರೋ ಮಂಗಳವಾರ ಕೇಳಿ ಮೇಷ್ಟ್ರೇ,” ಎಂದೆ. “ನೆನಪಿದ್ರೆ ಹೇಳ್ತೀನಿ.”